ಎದೊ ನಗರದ ಮರದಚ್ಚು: ಚಿತ್ರ ಯಾರ ಕೈಯದು?

ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳ ಮಾತು ಬಂದರೆ ಹೊಕುಸಾಯಿಯ ದೊಡ್ಡ ಅಲೆಯೇ ಕಣ್ಣ ಮುಂದೆ ನಿಲ್ಲುತ್ತದೆ. ಆ ಅಲೆ ಎದ್ದದ್ದು 1831ರ ಸುಮಾರಿಗೆ. ಅದಕ್ಕೂ ನೂರೈವತ್ತು ವರ್ಷ ಮೊದಲೇ ಈ ಕಲೆ ಬೇರೂರಿತ್ತು. ಆಗ ಅದಕ್ಕೆ ಬೇಕಿದ್ದದ್ದು ಕಡಲು, ಬೆಟ್ಟಗಳಲ್ಲ, ಪೇಟೆಯ ಬದುಕು.

ಪೇಟೆ ಎಂದರೆ ಎದೊ, ಇಂದಿನ ಟೋಕಿಯೊ. 1603ರಲ್ಲಿ ಶೋಗನ್ ಎಂಬ ಸೇನಾಧಿಪತಿಯ ಆಡಳಿತದ ನೆಲೆಯಾದ ಈ ಊರು 1657ರ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋಗಿ ಮತ್ತೆ ಎದ್ದು ನಿಂತಿತು. ವ್ಯಾಪಾರಿಗಳ ಕೈಯಲ್ಲಿ ಹಣ ಓಡಾಡಿತು. ಕಬುಕಿ ರಂಗಮಂದಿರಗಳೂ ಯೊಶಿವಾರಾ ಎಂಬ ವೇಶ್ಯಾವಾಟಿಕೆಯೂ ತುಂಬಿ ತುಳುಕಿದವು. ‘ಉಕಿಯೊ’ ಎಂದರೆ ಬೌದ್ಧರ ಮಾತಿನಲ್ಲಿ ದುಃಖದ ಲೋಕ. ಉಚ್ಚಾರ ಹಾಗೆಯೇ ಉಳಿದು ಬರೆಯುವ ಅಕ್ಷರ ಮಾತ್ರ ಬದಲಾಗಿ ಅದು ‘ತೇಲುವ ಲೋಕ’ವಾಯಿತು. ಆ ಲೋಕದ ಚಿತ್ರವೇ ಉಕಿಯೊ-ಎ. ಅದರಲ್ಲಿ ರಾಣಿಯರಂತೆ ಕಾಣುವ ಯೊಶಿವಾರಾದ ಹೆಣ್ಣುಮಕ್ಕಳಲ್ಲಿ ಬಹುತೇಕರು ಬಡ ಮನೆಗಳಿಂದ ಸಾಲದ ಕರಾರಿನ ಮೇಲೆ ಬಂದವರು ಎಂಬುದನ್ನು ಚಿತ್ರ ಹೇಳುವುದಿಲ್ಲ.

ಬಟ್ಟೆಗೆ ಕಸೂತಿ ಹಾಕುವ ಮನೆತನದ ಹಿಶಿಕಾವಾ ಮೊರೊನೊಬು 1672ರಿಂದ ತನ್ನ ಪುಸ್ತಕಚಿತ್ರಗಳಿಗೆ ಹೆಸರು ಹಾಕತೊಡಗಿದ. ಆಗಿನ ಅಚ್ಚು ಬರೀ ಕಪ್ಪು ಮಸಿಯದು. ಮುಂದೆ ಕುಂಚದಿಂದ ಕೇಸರಿ, ಕೆಂಪು ಹಚ್ಚುವುದು ರೂಢಿಯಾಯಿತು. 1740ರ ದಶಕಕ್ಕೆ ಗುಲಾಬಿ ಮತ್ತು ಹಸಿರು ಬಣ್ಣಗಳೂ ಹಲಗೆಯಿಂದಲೇ ಬಂದವು.

ಹಲವು ಬಣ್ಣಗಳನ್ನೂ ಹಲಗೆಗಳಿಂದಲೇ ಒತ್ತುವ ನಿಜವಾದ ತಿರುವು 1765ರದು, ಮತ್ತು ಅದಕ್ಕೆ ಕಾರಣ ಪಂಚಾಂಗ. ಜಪಾನಿನ ಚಾಂದ್ರಮಾನದಲ್ಲಿ ಮೂವತ್ತು ದಿನದ ತಿಂಗಳು ಯಾವುದು, ಇಪ್ಪತ್ತೊಂಬತ್ತರದು ಯಾವುದು ಎಂಬುದು ಪ್ರತಿ ವರ್ಷ ಬದಲಾಗುತ್ತಿತ್ತು. ತಿಂಗಳ ಕೊನೆಗೆ ಬಾಕಿ ತೀರಿಸುವ ಊರಿಗೆ ಇದು ತಿಳಿಯಲೇಬೇಕು. ಕವಿಗೋಷ್ಠಿಗಳ ಶ್ರೀಮಂತ ರಸಿಕರು ಆ ಲೆಕ್ಕವನ್ನು ಚಿತ್ರದೊಳಗೆ ಬಚ್ಚಿಟ್ಟು ಪರಸ್ಪರ ಹಂಚಿಕೊಳ್ಳುವ ಆಟ ಹೂಡಿದರು. ಸುಜುಕಿ ಹರುನೊಬು ಬರೆದ ಒಂದು ಚಿತ್ರದಲ್ಲಿ, ಮಳೆ ದಬದಬನೆ ಸುರಿಯತೊಡಗಿದಾಗ ತರುಣಿಯೊಬ್ಬಳು ಒಣಹಾಕಿದ ಬಟ್ಟೆ ತೆಗೆಯಲು ಓಡುತ್ತಿದ್ದಾಳೆ. ಅವಸರಕ್ಕೆ ಒಂದು ಕಾಲಿನ ಮರದ ಚಪ್ಪಲಿ ಕಳಚಿ ಬಿದ್ದಿದೆ. ಆ ಬಟ್ಟೆಯ ಚಿತ್ತಾರವನ್ನೇ ದಿಟ್ಟಿಸಿದರೆ ವರ್ಷದ ಹೆಸರೂ ಮೂವತ್ತು ದಿನದ ದೊಡ್ಡ ತಿಂಗಳುಗಳ ಅಂಕಿಗಳೂ ಕಾಣುತ್ತವೆ.

ಇದರ ಅಂಚಿನಲ್ಲಿ ಚಿತ್ರಕಾರನ ಹೆಸರಿನ ಜೊತೆಗೆ ಕೆತ್ತಿದವನ ಹೆಸರೂ ಇದೆ, ಒತ್ತಿದವನ ಹೆಸರೂ ಇದೆ. ನನಗೆ ಈ ಕಲೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ. ಚಿತ್ರಕಾರ ತೆಳು ಕಾಗದದ ಮೇಲೆ ಗೆರೆ ಎಳೆದು ಕೊಡುತ್ತಿದ್ದ. ಆ ಕಾಗದವನ್ನು ಕಾಡು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ ಕೆತ್ತುತ್ತಿದ್ದರು. ಉಳಿ ಆಡಿದಂತೆ ಮೂಲ ಚಿತ್ರವೇ ಇಲ್ಲವಾಗುತ್ತಿತ್ತು. ಹಣೆಯಂಚಿನ ಕೂದಲಿನ ಎಳೆಗಳನ್ನು ಪಳಗಿದ ಕೈಗೇ ಬಿಡುತ್ತಿದ್ದರು. ಬಣ್ಣಕ್ಕೊಂದು ಹಲಗೆ. ಪ್ರತಿ ಹಲಗೆಯಲ್ಲೂ ‘ಕೆಂತೊ’ ಎಂಬ ಎರಡು ಗುರುತು, ಒಂದು ಮೂಲೆಯಲ್ಲಿ, ಇನ್ನೊಂದು ಅಂಚಿನಲ್ಲಿ. ತೇವದ ಕಾಗದವನ್ನು ಅವುಗಳಿಗೆ ಸರಿಯಾಗಿ ಕೂರಿಸಿ, ಬಿದಿರಿನ ಪೊರೆ ಸುತ್ತಿದ ‘ಬರೆನ್’ನಿಂದ ಉಜ್ಜಬೇಕು. ಕೂದಲೆಳೆಯಷ್ಟು ಜಾರಿದರೂ ತುಟಿಯ ಕೆಂಪು ಕೆನ್ನೆಗೆ ಹರಿಯುತ್ತದೆ.

ಚಿತ್ರಗಳು ಮೆಚ್ಚುಗೆ ಗಳಿಸಿದಾಗ ಪ್ರಕಾಶಕರು ಪಂಚಾಂಗದ ಗುರುತು, ರಸಿಕರ ಹೆಸರುಗಳನ್ನು ತೆಗೆದುಹಾಕಿ ಮಾರುಕಟ್ಟೆಗೆ ತಂದರು. ಜರತಾರಿಯಂತಿದ್ದ ಇವು ‘ನಿಶಿಕಿ-ಎ’ ಎಂದೇ ಹೆಸರಾದವು. ಮಾರಾಟಕ್ಕೆ ಚಿತ್ರಕಾರನ ಸಹಿ, ಪ್ರಕಾಶಕನ ಮುದ್ರೆ ಸಾಕಾಗುತ್ತಿತ್ತು. ಕೆತ್ತಿದವರು, ಒತ್ತಿದವರು ಬಹುಮಟ್ಟಿಗೆ ಮರೆಯಾದರು. ಸಂಗ್ರಹಕಾರರೂ ಸಹಿಯನ್ನೇ ನೋಡಿ ಚಿತ್ರಗಳನ್ನು ವಿಂಗಡಿಸಿದರು. ‘ಹರುನೊಬು’ ಎಂದರೆ ಒಬ್ಬನೇ ಮನುಷ್ಯ ಎಂಬ ಭಾವನೆ ಹಾಗೆ ಗಟ್ಟಿಯಾಯಿತು.

ಒತ್ತುವವನು ಬಳಸುತ್ತಿದ್ದ ನೀಲಿಯೊಂದು ಪುಟ್ಟ ಹೂವಿನ ಎಸಳುಗಳದು. ಬೆಳಕು ತಗುಲಿದರೆ ಅದು ಮಾಸಿ ಮಣ್ಣುಬಣ್ಣಕ್ಕೆ ತಿರುಗುತ್ತದೆ. 1921ರಲ್ಲಿ ಸ್ಪಾಲ್ಡಿಂಗ್ ಸೋದರರು ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯಕ್ಕೆ ಆರು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ದಾನ ಮಾಡಿದಾಗ, ಇವನ್ನು ಎಂದೂ ಪ್ರದರ್ಶನಕ್ಕೆ ಇಡಬಾರದು ಎಂಬ ಷರತ್ತು ಹಾಕಿದರು. ಆ ಕತ್ತಲೆಯಲ್ಲಿ ನೀಲಿ ಇನ್ನೂ ನೀಲಿಯಾಗಿದೆ, ಹಲಗೆಗೆ ಬಣ್ಣ ಹಚ್ಚಿದವನು ಕಂಡದ್ದಕ್ಕೆ ಬಹಳ ಹತ್ತಿರ.