ಘಾಟಿಯಲ್ಲಿ ಲಾರಿ ಕುದಿಯೋದು ಯಾಕೆ?

ಶಿರಾಡಿ ಘಾಟಿ ಹತ್ತುವಾಗ ಲಾರಿ ಹೀಟ್ ಆಯ್ತು ಅಂದ್ರೆ ಎಲ್ಲರೂ ಬೈಯೋದು ಘಾಟಿಯನ್ನೇ, ಇಲ್ಲವೇ ಲೋಡನ್ನು. ಹಳೇ ಡೀಸೆಲ್ ಗಾಡಿಗಳಲ್ಲಿ ಕಾಯಿಲೆ ಎಷ್ಟೋ ಸಲ ಮೊದಲೇ ಶುರುವಾಗಿರುತ್ತದೆ. ರೇಡಿಯೇಟರಿಗೆ ಸಿಕ್ಕ ಸಿಕ್ಕ ನೀರು ಸುರಿದ ದಿನದಿಂದಲೇ. ಘಾಟಿ ಬಂದಾಗ ಅದು ಬಯಲಾಗುತ್ತದೆ, ಅಷ್ಟೆ.

ಒಂದು ಲೆಕ್ಕ ನೋಡೋಣ. ಲೋಡ್ ಸೇರಿ 25 ಟನ್ ತೂಗುವ ಲಾರಿ ಗುಂಡ್ಯ ಕಡೆಯಿಂದ ಸಕಲೇಶಪುರದತ್ತ 800 ಮೀಟರ್ ಮೇಲೇರಿತು ಅಂದುಕೊಳ್ಳಿ. ಅಷ್ಟು ಭಾರ ಎತ್ತೋದಕ್ಕೇ ಸುಮಾರು 20 ಕೋಟಿ ಜೂಲ್ ಶಕ್ತಿ ಬೇಕು. ಸುಟ್ಟ ಡೀಸೆಲ್ಲಿನ ಶಕ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಗಾಡಿ ಎಳೆಯೋ ಕೆಲಸಕ್ಕೆ ಬರುತ್ತದೆ. ಹೆಚ್ಚುಕಮ್ಮಿ ಅಷ್ಟೇ ಸೈಲೆನ್ಸರಿನಲ್ಲಿ ಹೊಗೆ ಜೊತೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲು ಎಂಜಿನ್ ತಣಿಸಲು ಒಳಗೆ ಸುತ್ತುವ ನೀರಿಗೆ ಸೇರುತ್ತದೆ. ಅಂದರೆ ಒಂದು ಸಲ ಘಾಟಿ ಹತ್ತಿ ಮುಗಿಸುವಷ್ಟರಲ್ಲಿ, ಸುಮಾರು 600 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ ರೇಡಿಯೇಟರಿನಿಂದ ಹೊರಗೆ ಹೋಗಬೇಕು. ಎಂಜಿನ್ನು, ರೇಡಿಯೇಟರ್ ಎರಡೂ ಸೇರಿ ಹಿಡಿಯೋದು 20–30 ಲೀಟರ್ ನೀರು. ಅಷ್ಟೇ ನೀರು ಸುತ್ತಿ ಸುತ್ತಿ ಈ ಕೆಲಸ ಮಾಡಬೇಕು. ಗಾಡಿ ತೆವಳುತ್ತಿರುವುದರಿಂದ ಎದುರುಗಾಳಿಯ ಸಹಾಯವೂ ಇಲ್ಲ, ಎಲ್ಲಾ ಫ್ಯಾನ್ ಮೇಲೇ ಬೀಳುತ್ತದೆ. ಅನುಭವಸ್ಥ ಡ್ರೈವರ್‌ಗಳು ಹೀಟ್ ಮೀಟರಿನ ಮುಳ್ಳು ಏರುತ್ತಿದ್ದಂತೆ ಒಂದು ಗೇರ್ ಇಳಿಸೋದು ಇದಕ್ಕೇ. ಎಂಜಿನ್ ಚುರುಕಾಗಿ ತಿರುಗಿದರೆ ವಾಟರ್ ಪಂಪೂ ಫ್ಯಾನೂ ಜೋರಾಗಿ ತಿರುಗುತ್ತವೆ. ಆದರೆ ಫ್ಯಾನ್ ಬೆಲ್ಟ್ ಸಡಿಲವಾಗಿ ಜಾರುತ್ತಿದ್ದರೆ ಎಷ್ಟು ಗೇರ್ ಇಳಿಸಿದರೂ ಪ್ರಯೋಜನವಿಲ್ಲ.

ಎತ್ತರವೂ ಸ್ವಲ್ಪ ಕಾಟ ಕೊಡುತ್ತದೆ. 300 ಮೀಟರ್ ಮೇಲೇರಿದಂತೆಲ್ಲ ನೀರು ಸುಮಾರು 1 ಡಿಗ್ರಿ ಮೊದಲೇ ಕುದಿಯುತ್ತದೆ. ಸುಮಾರು 950 ಮೀಟರ್ ಎತ್ತರದ ಸಕಲೇಶಪುರದಲ್ಲಿ 97 ಡಿಗ್ರಿಗೇ ಕುದಿ ಬರುತ್ತದೆ. ಚಿಕ್ಕಮಗಳೂರಿನಲ್ಲಿ ಇನ್ನೂ ಚೂರು ಬೇಗ. ಈ ಕೊರತೆ ತುಂಬೋದು ರೇಡಿಯೇಟರ್ ಮುಚ್ಚಳ. ಅರ್ಧ ಬಾರ್ ಒತ್ತಡ ಹಿಡಿಯುವ ಮುಚ್ಚಳ ಹಾಕಿದರೆ ಅದೇ ನೀರು 109–110 ಡಿಗ್ರಿವರೆಗೆ ಕುದಿಯದೆ ತಡೆಯುತ್ತದೆ. ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಆ ಲಾಭ ಪೂರ್ತಿ ಹೋಯ್ತು. ಅದರ ನಡುವೆ ಒಂದು ಪುಟ್ಟ ವಾಲ್ವ್ ಕೂಡ ಇರುತ್ತದೆ. ಎಂಜಿನ್ ಆರುವಾಗ ಒಳಗಿನ ನೀರು ಕುಗ್ಗುತ್ತದೆ, ಆ ಜಾಗ ತುಂಬಲು ಹೊರಗಿನಿಂದ ಗಾಳಿಯನ್ನೋ ನೀರನ್ನೋ ಒಳಗೆ ಬಿಡೋದು ಈ ವಾಲ್ವ್. ಬೆಳಿಗ್ಗೆ ನೋಡಿದಾಗ ಮೇಲಿನ ಹೋಸ್ ಪೈಪ್ ಚಪ್ಪಟೆಯಾಗಿ ಸೊರಗಿದ್ದರೆ ಆ ವಾಲ್ವ್ ಅಂಟಿಕೊಂಡಿರಬಹುದು. ಹೋಸ್ ಬದಲಿಸುವ ಮುಂಚೆ ಮುಚ್ಚಳ ನೋಡಿ. ಕಾದ ಗಾಡಿಯಲ್ಲಿ ಮಾತ್ರ ಅದನ್ನು ಮುಟ್ಟಲೇಬೇಡಿ. ಒತ್ತಡ ತಪ್ಪಿದ ಕೂಡಲೇ ಒಳಗಿನ ನೀರು ಆವಿಯಾಗಿ ಮುಖಕ್ಕೇ ಹಾರುತ್ತದೆ. ಗೋಣಿಚೀಲ ಹಿಡಿದು ತೆಗೆದರೂ ಕೈ ಸುಡುತ್ತದೆ.

ಇನ್ನು ನೀರು. ಅರಸೀಕೆರೆ ಕಡೆಯ ಬೋರ್‌ವೆಲ್ ನೀರು ಗಡುಸು, ಸುಣ್ಣದ ಅಂಶ ಜಾಸ್ತಿ. ಉಪ್ಪು, ಸಕ್ಕರೆ ಬಿಸಿ ನೀರಿನಲ್ಲಿ ಚೆನ್ನಾಗಿ ಕರಗುತ್ತವೆ ಅಲ್ವಾ? ಈ ಸುಣ್ಣದ್ದು ಉಲ್ಟಾ. ನೀರು ಕಾದಷ್ಟೂ ಅದು ಬೇರ್ಪಟ್ಟು ಗಟ್ಟಿಯಾಗುತ್ತದೆ. ಬಚ್ಚಲ ಹಂಡೆಯಲ್ಲಿ ಕಟ್ಟುವ ಬಿಳಿ ಪದರ ಇದೇ. ಎಂಜಿನ್ ಒಳಗೆ ಅದು ಕೂರೋದು ಅತಿ ಬಿಸಿಯಾದ ಜಾಗದಲ್ಲಿ, ಅಂದರೆ ಸಿಲಿಂಡರ್ ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳದ) ಇಕ್ಕಟ್ಟು ದಾರಿಗಳಲ್ಲಿ. ಎಲ್ಲಿ ನೀರು ಲೋಹಕ್ಕೆ ತಾಗಲೇಬೇಕೋ ಅಲ್ಲೇ ಅಡ್ಡ. ಈ ಪದರದಲ್ಲಿ ಶಾಖ ಹರಿಯೋದು ತೀರಾ ನಿಧಾನ. 1 ಮಿಲಿಮೀಟರ್ ಪದರ ಕಡಿಮೆಯೆಂದರೂ 25 ಮಿಲಿಮೀಟರ್ ದಪ್ಪದ ಬೀಡುಕಬ್ಬಿಣದಷ್ಟು ತಡೆ ಒಡ್ಡುತ್ತದೆ. ಇನ್ನೊಂದು ಅಪಾಯ ಇದೆ. ಡ್ರೈವರ್ ಎದುರಿನ ಹೀಟ್ ಮೀಟರ್ ತೋರಿಸೋದು ನೀರಿನ ಬಿಸಿಯನ್ನು. ಮುಳ್ಳು ನಾರ್ಮಲ್ ಇದ್ದರೂ ಪದರದ ಹಿಂದಿನ ಲೋಹ ಕಾದು ಹೆಡ್ ಬಿರುಕು ಬಿಡಬಹುದು. ಸೋರುವ ಗಾಡಿಗೆ ದಿನಾ ಒಂದು ಬಾಟಲಿ ಬೋರ್ ನೀರು ಹಾಕಿದರೆ ದಿನಾ ಒಂದಿಷ್ಟು ಸುಣ್ಣ ಹಾಕಿದಂತೆ. ಮೊದಲು ಸೋರಿಕೆ ನಿಲ್ಲಿಸಬೇಕು. ಹೋಸ್ ಕ್ಲಿಪ್ ನೋಡಿ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಅಲ್ಲಿಂದ ನೀರು ತೊಟ್ಟಿಕ್ಕುತ್ತಿದ್ದರೆ ಪಂಪಿನ ಸೀಲ್ ಹೋಗಿದೆ. ಆ ತೂತನ್ನು ಎಂಸೀಲ್ ಮೆತ್ತಿ ಮುಚ್ಚಬಾರದು, ನೀರು ಬೇರಿಂಗಿಗೆ ನುಗ್ಗುತ್ತದೆ.

ಹಾಗಾದರೆ ಮಲೆನಾಡಿನ ಹಳ್ಳದ ನೀರು, ಮಳೆ ನೀರು? ಸುಣ್ಣ ಕಮ್ಮಿ, ನಿಜ. ಆದರೆ ಬರೀ ನೀರಿಗೆ ತುಕ್ಕು ತಡೆಯುವ ಗುಣ ಇಲ್ಲ. ವೆಟ್ ಲೈನರ್ (ಒಳಗೆ ಪಿಸ್ಟನ್ ಓಡಾಡುವ, ಹೊರಮೈಗೆ ನೀರು ತಾಗುವ ಕೊಳವೆ) ಇರುವ ಎಂಜಿನ್‌ಗಳಲ್ಲಿ ಇನ್ನೂ ಒಂದು ತೊಂದರೆ ಇದೆ. ಪಿಸ್ಟನ್ ಬಡಿತಕ್ಕೆ ಲೈನರ್ ಅದುರಿ, ಅದರ ಹೊರಮೈಯಲ್ಲಿ ಕಣ್ಣಿಗೆ ಕಾಣದ ಆವಿಗುಳ್ಳೆಗಳು ಎದ್ದು ಒಡೆಯುತ್ತವೆ. ಒಡೆದಾಗಲೆಲ್ಲ ಲೋಹ ಒಂದೊಂದು ಚೂರು ಕಿತ್ತು ಬರುತ್ತದೆ. ಬಿಚ್ಚಿದ ಲೈನರ್ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ಗುಳಿಗಳು ಸಾಲಾಗಿ ಕಂಡರೆ ಇದೇ ಕಾರಣ. ಗುಳಿ ಆರಪಾರ ಆದರೆ ನೀರು ಆಯಿಲಿಗೆ ಇಳಿಯುತ್ತದೆ. ಡೀಸೆಲ್ ಎಂಜಿನ್‌ಗೆಂದೇ ಮಾಡಿದ ಕೂಲೆಂಟಿನ (ರೇಡಿಯೇಟರ್ ನೀರಿಗೆ ಬೆರೆಸುವ ದ್ರವ) ರಾಸಾಯನಿಕಗಳು ಲೈನರ್ ಮೇಲೆ ತೆಳು ಪೊರೆ ಕಟ್ಟಿ ಇದನ್ನು ತಡೆಯುತ್ತವೆ. ನಮ್ಮಲ್ಲಿ ನೀರು ಹೆಪ್ಪುಗಟ್ಟೋದಿಲ್ಲ, ಕೂಲೆಂಟ್ ಯಾಕೆ ಅನ್ನುವವರಿಗೆ ಉತ್ತರ ಇದು. ಅದನ್ನು ಬೆರೆಸಲು ಡಿಸ್ಟಿಲ್ಡ್ ವಾಟರ್ ಬಳಸಿ. ಒಂದು ಹೆಡ್ ಕೆಲಸಕ್ಕೆ ಆಗುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಹೀಟ್ ಆಗುತ್ತೆ ಅಂತ ಥರ್ಮೋಸ್ಟಾಟ್ (ಬಿಸಿ ನೋಡಿಕೊಂಡು ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಕಿತ್ತು ಬಿಸಾಡುವ ರೂಢಿ ನನಗೆ ಬಹಳ ಬೇಸರ ತರುತ್ತದೆ. ಅದರೊಳಗಿನ ಮೇಣ ಸುಮಾರು 80 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಹಿಗ್ಗಿ, ರೇಡಿಯೇಟರ್ ದಾರಿ ತೆರೆಯುತ್ತದೆ. ಅನೇಕ ಎಂಜಿನ್‌ಗಳಲ್ಲಿ ಅದೇ ಹೊತ್ತಿಗೆ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಒಂದಷ್ಟು ಬಿಸಿ ನೀರು ರೇಡಿಯೇಟರ್ ಕಡೆಗೇ ಹೋಗದೆ ಮತ್ತೆ ಎಂಜಿನ್ನಿಗೆ ವಾಪಸ್ ಬರುತ್ತದೆ. ಚಳಿಗಾಲದ ಬೆಳಿಗ್ಗೆ ಗಾಡಿ ಬೇಗ ಬಿಸಿಯಾಗದೆ ಸಿಲಿಂಡರ್ ಸವೆಯುತ್ತದೆ, ಘಾಟಿಯಲ್ಲಿ ಮತ್ತೆ ಹೀಟೂ ಆಗುತ್ತದೆ. ಅನುಮಾನ ಇದ್ದರೆ ಥರ್ಮೋಸ್ಟಾಟನ್ನು ಬಿಸಿನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ನೋಡಿ. ಬಾಯಿ ಬಿಡದಿದ್ದರೆ ಹೊಸದು ಹಾಕಿ.

ಹಾಸನ ಜಿಲ್ಲೆಯಲ್ಲಿ ಸುಗ್ಗಿ ಬಂದಾಗ ಹುರುಳಿ, ರಾಗಿ ಒಕ್ಕಲು ರಸ್ತೆಗೇ ಹರಡುತ್ತಾರೆ. ಅದರ ಹೊಟ್ಟು, ಧೂಳು ಎಲ್ಲಾ ಫ್ಯಾನ್ ಸೆಳೆತಕ್ಕೆ ರೇಡಿಯೇಟರಿಗೆ ಹೋಗಿ ಮೆತ್ತುತ್ತದೆ. ಆಯಿಲ್ ಜಿಡ್ಡು ಸೇರಿದರೆ ಕಂಬಳಿ ಹೊದಿಸಿದ ಹಾಗೆಯೇ. ಎದುರಿನಿಂದ ನೀರು ಹೊಡೆದರೆ ಕಸ ಇನ್ನಷ್ಟು ಒಳಗೆ ಹೋಗುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ಹೊಡೆಯಬೇಕು. ಜೋರು ಪ್ರೆಷರ್ ಕೊಟ್ಟರೆ ತೆಳ್ಳನೆಯ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಕೊನೆಗೆ, ಹಳೇ ಕೂಲೆಂಟ್ ಇಳಿಸುವಾಗ ಕೆಳಗೆ ಬಕೆಟ್ ಇಡಿ. ಸಾಮಾನ್ಯವಾಗಿ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಚರಂಡಿಗೆ ಬಿಟ್ಟರೆ ನಾಯಿ, ದನ ನೆಕ್ಕುತ್ತವೆ. ಸ್ವಲ್ಪ ಹೊಟ್ಟೆಗೆ ಹೋದರೂ ನಾಯಿಗಳ ಕಿಡ್ನಿ ಕೆಟ್ಟು ಸಾಯುತ್ತವೆ. ಕ್ಯಾನಿಗೆ ತುಂಬಿ ಬಿಗಿಯಾಗಿ ಮುಚ್ಚಿ, ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡಿ. ಕುಡಿಯುವ ನೀರಿನ ಬಾಟಲಿಗೆ ಮಾತ್ರ ತುಂಬಬೇಡಿ.