ಛಾವಣಿ ಕುಟ್ಟುವ ಹಕ್ಕಿ ಏನು ಹೇಳುತ್ತಿದೆ?

1940ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ 'ನಾಕ್ ನಾಕ್' ಎಂಬ ಪುಟ್ಟ ಕಾರ್ಟೂನ್ ಬಂತು. ವಾಲ್ಟರ್ ಲ್ಯಾಂಟ್ಜ್ ಸ್ಟುಡಿಯೋದ್ದು. ಆಂಡಿ ಪಾಂಡಾ ಮತ್ತು ಅವನಪ್ಪ ಮನೆಯಲ್ಲಿದ್ದಾರೆ, ಛಾವಣಿ ಮೇಲೆ ಟಕಟಕ ಸದ್ದು, ಆಮೇಲೆ ಒಂದು ತೂತು, ತೂತಿನಿಂದ ಇಣುಕಿದ ಹಕ್ಕಿ 'ಯಾರು ಹೇಳಿ ನೋಡೋಣ?' ಅಂತ ಕೇಳುತ್ತದೆ! ಅದೇ ವುಡಿ ವುಡ್‌ಪೆಕರ್ ಎಂಬ ಕಾರ್ಟೂನ್ ಮರಕುಟಿಗದ ಮೊದಲ ಪ್ರವೇಶ. ಬಾಲಕ್ಕೆ ಉಪ್ಪು ಹಾಕಿದರೆ ಹಕ್ಕಿ ಸಿಕ್ಕಿಬೀಳುತ್ತಂತೆ ಅಂತ ಆಂಡಿ ಉಪ್ಪು ಹಿಡಿದು ಅದರ ಹಿಂದೆ ಬೀಳುತ್ತಾನೆ.

ನಿಜವಾದ ಮರಕುಟಿಗಗಳೂ ಮನೆ ಛಾವಣಿ ಕುಟ್ಟುತ್ತವೆ. ಅದೂ ತಗಡಿನ ಮೇಲೆ! ತಗಡಿನಲ್ಲಿ ಹುಳ ಸಿಗಲ್ಲ ಅಲ್ವಾ, ಮತ್ತೆ ಯಾಕೆ? ಹುಳ ಹುಡುಕುವಾಗ, ಗೂಡು ಕೊರೆಯುವಾಗ ಅದು ನಿಂತು ನಿಂತು, ಲಯವಿಲ್ಲದೆ ಕುಟ್ಟುತ್ತದೆ. ಆದರೆ ಮರಿ ಮಾಡುವ ಕಾಲ ಬಂದಾಗ ಒಣಗಿದ ಟೊಳ್ಳು ಕೊಂಬೆ ಹುಡುಕಿ, ಒಂದೇ ಉಸಿರಿಗೆ ಡೋಲು ಬಾರಿಸಿದ ಹಾಗೆ ಪಟಪಟ ಬಡಿಯುತ್ತದೆ. ಅದು ಮಾತು. 'ಇದು ನನ್ನ ಜಾಗ' ಅಂತ ಎದುರಾಳಿಗೆ, 'ಇಲ್ಲಿದ್ದೀನಿ' ಅಂತ ಜೊತೆಗಾತಿಗೆ. ಸದ್ದು ದೂರ ಹೋದಷ್ಟೂ ಒಳ್ಳೆಯದು. ಕೊಂಬೆಗಿಂತ ತಗಡು ಜಾಸ್ತಿ ಮೊಳಗುತ್ತದೆ, ಅಷ್ಟೇ.

ಇದನ್ನು ಮಾತು ಅಂತ ಸುಮ್ನೆ ಕರೆದಿಲ್ಲ. ಗಿಳಿ, ಹಾಡುಹಕ್ಕಿ, ಹಮಿಂಗ್‌ಬರ್ಡ್‌ಗಳು ಹಾಡನ್ನು ಕೇಳಿ ಕಲಿಯುತ್ತವೆ. ಅವುಗಳ ಮಿದುಳಿನಲ್ಲಿ ಅದಕ್ಕೆಂದೇ ಕೆಲವು ಜಾಗಗಳಿವೆ, ಅವನ್ನು ಗುರುತಿಸಲು ಪಾರ್ವಲ್ಬುಮಿನ್ ಎಂಬ ಪ್ರೋಟೀನಿನ ಜೀನ್ ನೆರವಾಗುತ್ತದೆ. ಬೇರೆ ಹಕ್ಕಿಗಳಲ್ಲಿ ಇಂಥ ಜಾಗಗಳು ಇರಲಾರವು ಎಂದುಕೊಂಡೇ ವಿಜ್ಞಾನಿಗಳು ಪೆಂಗ್ವಿನ್, ಬಾತುಕೋಳಿ, ಫ್ಲೆಮಿಂಗೊಗಳ ಮಿದುಳು ನೋಡಿದರು. ಎಲ್ಲೂ ಸಿಗಲಿಲ್ಲ, ಮರಕುಟಿಗದಲ್ಲಿ ಮಾತ್ರ ಸಿಕ್ಕಿತು! 2022ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಹಕ್ಕಿ ಡೋಲು ಬಾರಿಸುವಾಗ ಆ ಜಾಗಗಳು ಚುರುಕಾಗುವುದೂ ಕಂಡಿತು. ಇದನ್ನು ಓದಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಗಿಳಿ ಗಂಟಲಿನಿಂದ ಮಾಡುವುದನ್ನು ಇದು ಕೊಕ್ಕಿನಿಂದ ಮಾಡುತ್ತಿದೆ.

ತಲೆ ನೋಯಲ್ವಾ ಅಂತ ಮಕ್ಕಳು ಕೇಳುತ್ತಾರೆ. ಬುರುಡೆ ಸ್ಪಂಜಿನಂತೆ ಏಟು ಹೀರಿಕೊಳ್ಳುತ್ತದೆ ಅಂತ ಬಹಳ ವರ್ಷ ಹೇಳುತ್ತಿದ್ದರು. ಅದೇ 2022ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದವರ ತಂಡ ಮೂರು ಜಾತಿಯ ಮರಕುಟಿಗಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು ನೋಡಿತು. ಹೀರಿಕೊಳ್ಳುವುದೇ ಇಲ್ಲ, ತಲೆ ಗಟ್ಟಿ ಸುತ್ತಿಗೆಯ ಹಾಗೆ ಕೆಲಸ ಮಾಡುತ್ತದೆ. ಯೋಚಿಸಿದರೆ ಸರಿ ಅನಿಸುತ್ತದೆ, ಸುತ್ತಿಗೆಗೆ ಮೆತ್ತೆ ಕಟ್ಟಿ ಯಾರಾದರೂ ಮೊಳೆ ಹೊಡೆಯುತ್ತಾರಾ? ಮಿದುಳು ಚಿಕ್ಕದಾಗಿರುವುದರಿಂದ ಆ ಏಟು ಅದಕ್ಕೆ ಅಪಾಯದ ಮಟ್ಟ ಮುಟ್ಟುವುದಿಲ್ಲ.

ತಗಡು ಕುಟ್ಟುವ ಹಕ್ಕಿಗೆ ಉಪ್ಪು ಬೇಡ. ಅದು ಕುಟ್ಟುವ ಜಾಗಕ್ಕೆ ದಪ್ಪ ಬಟ್ಟೆ ಹೊದಿಸಿದರೆ ಸದ್ದು ಸತ್ತುಹೋಗುತ್ತದೆ. ಮೊಳಗದ ಡೋಲು ಅದಕ್ಕೆ ಬೇಡ, ಬೇರೆ ಕೊಂಬೆ ನೋಡಿಕೊಳ್ಳುತ್ತದೆ.