ಹೆಚ್ಚು ಮಾರಾಟವಾದ ಎಕ್ಸ್‌ಕ್ಲೂಸಿವ್ ಗೇಮ್ ಇರುವ ಕನ್ಸೋಲೇ ಮೇಲೆ?

ಪ್ರಶ್ನೆ: ಮಣಿಪಾಲದ ನಮ್ಮ ಹಾಸ್ಟೆಲಿನಲ್ಲಿ ಸೋನಿಯ ಪ್ಲೇಸ್ಟೇಷನ್, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಮತ್ತು ನಿಂಟೆಂಡೊ ಕಂಪನಿಯ ಕನ್ಸೋಲ್‌ಗಳ (ವಿಡಿಯೋ ಗೇಮ್ ಆಡುವ ಯಂತ್ರಗಳ) ಅಭಿಮಾನಿಗಳ ನಡುವೆ ವಾದ ಮುಗಿಯುವುದೇ ಇಲ್ಲ. ಒಂದೇ ಕನ್ಸೋಲಿಗೆ ಬರುವ ಎಕ್ಸ್‌ಕ್ಲೂಸಿವ್ ಗೇಮ್ ಹೆಚ್ಚು ಮಾರಾಟವಾದರೆ ಆ ಕನ್ಸೋಲೇ ಉತ್ತಮ ಎನ್ನಬಹುದೆ?

ಉತ್ತರ: ಹಾಗೆನ್ನಲು ಬರುವುದಿಲ್ಲ. ಮಾರಾಟದ ಅಂಕಿಗಳು ಸುಳ್ಳೆಂದಲ್ಲ. ವಾದಕ್ಕಿಳಿದ ಇಬ್ಬರು ಮುಂದಿಡುವ ಎರಡು ಅಂಕಿಗಳು ಬಹಳಷ್ಟು ಸಲ ಒಂದೇ ಸಂಗತಿಯನ್ನು ಅಳೆದಿರುವುದಿಲ್ಲ. ಇದು ಸ್ಪಷ್ಟವಾಗಬೇಕಾದರೆ ಎರಡು ಕನ್ಸೋಲ್‌ಗಳಲ್ಲಿ ಬಂದ ಒಂದೇ ಗೇಮಿನ ಲೆಕ್ಕವನ್ನು ನೋಡಬೇಕು.

ನಿಂಟೆಂಡೊ 2014ರಲ್ಲಿ ವೀ ಯು ಕನ್ಸೋಲಿಗೆ ಮಾರಿಯೋ ಕಾರ್ಟ್ 8 ತಂದಿತು. ವೀ ಯು ಆ ಕಂಪನಿಯ ದೊಡ್ಡ ಸೋಲುಗಳಲ್ಲೊಂದು. ಒಟ್ಟು ಮಾರಾಟವಾದ ಯಂತ್ರಗಳು ಸುಮಾರು 1.36 ಕೋಟಿ, ಆ ಗೇಮಿನ ಪ್ರತಿಗಳು ಸುಮಾರು 84 ಲಕ್ಷ. 2017ರಲ್ಲಿ ಅದೇ ಗೇಮ್ ಕೆಲವು ಸೇರ್ಪಡೆಗಳೊಂದಿಗೆ, ಡಿಲಕ್ಸ್ ಎಂಬ ಹೆಸರು ಹೊತ್ತು ನಿಂಟೆಂಡೊದ ಮುಂದಿನ ಕನ್ಸೋಲ್ ಸ್ವಿಚ್‌ಗೆ ಬಂತು. 2025ರ ಮಾರ್ಚ್ ಅಂತ್ಯದ ಹೊತ್ತಿಗೆ ಅದು 6.8 ಕೋಟಿ ಪ್ರತಿಗಳನ್ನು ದಾಟಿತ್ತು, ಸ್ವಿಚ್ ಯಂತ್ರಗಳು 15 ಕೋಟಿ ದಾಟಿದ್ದವು. ಪ್ರತಿಗಳನ್ನಷ್ಟೇ ಎಣಿಸಿದರೆ ಎಂಟು ಪಟ್ಟು ಏರಿಕೆ. ನೂರು ಯಂತ್ರಗಳಿಗೆ ಎಷ್ಟು ಪ್ರತಿ ಎಂದು ಲೆಕ್ಕ ಹಾಕಿದರೆ ಮಾತ್ರ ಚಿತ್ರ ತಿರುಗುತ್ತದೆ: ವೀ ಯುನಲ್ಲಿ ಸುಮಾರು 62, ಸ್ವಿಚ್‌ನಲ್ಲಿ ಸುಮಾರು 45. ಆಟ ಬದಲಾಗಲಿಲ್ಲ, ಅದನ್ನು ಕೊಳ್ಳಬಲ್ಲವರ ಸಂಖ್ಯೆ ಬದಲಾಯಿತು. ಇವುಗಳಲ್ಲಿ ಕನ್ಸೋಲಿನ ಪೆಟ್ಟಿಗೆಯೊಂದಿಗೇ ಬಂಡಲ್ ಆಗಿ ಬಂದ ಪ್ರತಿಗಳೂ ಇದ್ದವು ಎಂಬುದನ್ನು ಮರೆಯಬಾರದು.

ಇನ್ನು ಏನನ್ನು ಎಣಿಸಿದ್ದಾರೆ ಎಂಬ ಪ್ರಶ್ನೆ. ಅಂಗಡಿಗಳಿಗೆ ರವಾನೆಯಾದ ಪ್ರತಿಗಳು ಬೇರೆ, ಗ್ರಾಹಕರ ಕೈ ಸೇರಿದ ಪ್ರತಿಗಳು ಬೇರೆ. ಯಕ್ಷಗಾನ ಮೇಳಕ್ಕೆ ಎಷ್ಟು ಹರಕೆ ಆಟಗಳು ಬುಕ್ ಆಗಿವೆ ಎಂಬುದರಿಂದ ಬೆಳಗಿನ ತನಕ ಕುಳಿತು ನೋಡಿದವರೆಷ್ಟು ಮಂದಿ ಎಂಬುದು ತಿಳಿಯದಷ್ಟೆ. 2018ರಲ್ಲಿ ಪ್ಲೇಸ್ಟೇಷನ್‌ನ ಸ್ಪೈಡರ್‌ಮ್ಯಾನ್ ಗೇಮ್ ಮೂರೇ ದಿನದಲ್ಲಿ 33 ಲಕ್ಷ ಪ್ರತಿ ಮಾರಿದ್ದು ಎರಡನೆಯ ಬಗೆಯ ಲೆಕ್ಕ. ಮೈಕ್ರೋಸಾಫ್ಟ್ ಆದರೋ 2015ರಲ್ಲಿಯೇ ಎಕ್ಸ್‌ಬಾಕ್ಸ್ ಯಂತ್ರಗಳ ಮಾರಾಟದ ಸಂಖ್ಯೆ ಹೇಳುವುದನ್ನು ನಿಲ್ಲಿಸಿತು. 2018ರ ಸೀ ಆಫ್ ಥೀವ್ಸ್‌ನಿಂದ ತನ್ನ ಗೇಮ್‌ಗಳನ್ನು ಮೊದಲ ದಿನವೇ ಗೇಮ್ ಪಾಸ್ (ಚಂದಾ ಕಟ್ಟಿ ಹಲವು ಗೇಮ್ ಆಡುವ ಸೇವೆ) ಚಂದಾದಾರರಿಗೆ ಕೊಡುತ್ತ ಬಂದಿದ್ದರಿಂದ, ಅದು ಹೇಳುವುದು ಹೆಚ್ಚಾಗಿ ಆಡಿದವರ ಸಂಖ್ಯೆಯನ್ನು. ಆಡಿದವರನ್ನು ಒಂದು ಕಡೆ, ಕೊಂಡವರನ್ನು ಇನ್ನೊಂದು ಕಡೆ ಇಟ್ಟು ತೂಗುವುದು ಇಬ್ಬರಿಗೂ ಮಾಡುವ ಅನ್ಯಾಯ.

ನಮ್ಮ ಕರಾವಳಿಯ ಆಟವಂತೂ ಈ ಲೆಕ್ಕಗಳಲ್ಲಿ ಸರಿಯಾಗಿ ಕಾಣಿಸುವುದೇ ಇಲ್ಲ. ಹೊಸ ಗೇಮಿಗೆ ಐದು ಸಾವಿರ ರೂಪಾಯಿಯವರೆಗೆ ಬೆಲೆ ಇರುವಾಗ, ಒಬ್ಬ ಕೊಂಡ ಡಿಸ್ಕ್ ಕೋಣೆಯಿಂದ ಕೋಣೆಗೆ ದಾಟಿ, ಕೊನೆಗೆ ಅರ್ಧ ಬೆಲೆಗೆ ಸುರತ್ಕಲ್‌ನ ಯಾರದೋ ಕೈ ಸೇರುತ್ತದೆ. ಅಷ್ಟೂ ಮಂದಿ ಮನಸಾರೆ ಆಡಿ ಮುಗಿಸಿದರೂ ಕಂಪನಿಯ ಪಾಲಿಗೆ ಅದು ಒಂದೇ ಪ್ರತಿ.

ಹಾಗಿದ್ದರೂ ಈ ಅಂಕಿಗಳಿಗಾಗಿ ಗೆಳೆಯರು ಮಾತು ಬಿಡುವಷ್ಟು ಜಗಳವೇಕೆ? ಪ್ಲೇಸ್ಟೇಷನ್ 5 (ಪಿಎಸ್5) ಭಾರತಕ್ಕೆ ಬಂದದ್ದು 2021ರ ಫೆಬ್ರುವರಿಯಲ್ಲಿ, 49,990 ರೂಪಾಯಿ ಬೆಲೆಗೆ. ಮನೆಯವರನ್ನು ಒಪ್ಪಿಸಿ ಅಷ್ಟು ಹಣ ಹಾಕಿದವನಿಗೆ ಎರಡನೆಯ ಕನ್ಸೋಲ್ ಕೈಗೆಟಕದು. ತನ್ನ ಆಯ್ಕೆ ಸರಿಯಿತ್ತೆಂದು ಅವನಿಗೆ ಯಾರಾದರೂ ಹೇಳಬೇಕು, ಮಾರಾಟದ ಅಂಕಿ ಆ ಕೆಲಸ ಮಾಡುತ್ತದೆ. ಈ ಭಾವನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಎಕ್ಸ್‌ಕ್ಲೂಸಿವ್ ಎಂಬುದು ಗುಣಮಟ್ಟದ ಮುದ್ರೆಯಲ್ಲ, ವ್ಯವಹಾರದ ತೀರ್ಮಾನ. ತನ್ನ ಕನ್ಸೋಲಿಗೆ ಜನರನ್ನು ಕರೆತಂದರೆ, ಅಲ್ಲಿ ಮಾರಾಟವಾಗುವ ಇತರರ ಗೇಮ್‌ಗಳಿಂದಲೂ ಕಂಪನಿಗೆ ಪಾಲು ಬರುತ್ತದೆ. ಕೆಲವೊಮ್ಮೆ ಕಾರಣ ತಾಂತ್ರಿಕವೂ ಆಗಿರುತ್ತದೆ: ನಿಂಟೆಂಡೊ 64 ಕನ್ಸೋಲಿಗೆ ಗೇಮ್ ತುಂಬಿಸಿ ಕೊಡುವ ಕಾರ್ಟ್ರಿಡ್ಜ್‌ನಲ್ಲಿ ಜಾಗ ಸಾಲದೆ, ಫೈನಲ್ ಫ್ಯಾಂಟಸಿ 7 ಎಂಬ ಗೇಮ್ 1997ರಲ್ಲಿ ಮೂರು ಸಿಡಿಗಳಲ್ಲಿ ಪ್ಲೇಸ್ಟೇಷನ್‌ಗೆ ಹೋಯಿತು. ಇನ್ನು ಕೆಲವೊಮ್ಮೆ ಹಣ: ನಿಂಟೆಂಡೊ ಬಂಡವಾಳ ಹೂಡಿದ್ದರಿಂದಲೇ ಬಯೊನೆಟ್ಟಾ 2 ಎಂಬ ಗೇಮ್ ತಯಾರಾಯಿತು.

ಆ ತೀರ್ಮಾನಗಳು ಈಗ ಬದಲಾಗುತ್ತಿವೆ. ಸೋನಿಯ ಹೊರೈಜನ್ ಝೀರೋ ಡಾನ್ 2020ರಲ್ಲಿ, ಗಾಡ್ ಆಫ್ ವಾರ್ 2022ರಲ್ಲಿ ಪಿಸಿಗೆ ಬಂದವು. ಮೈಕ್ರೋಸಾಫ್ಟ್‌ನ ಸೀ ಆಫ್ ಥೀವ್ಸ್ 2024ರಲ್ಲಿ, ಫೋರ್ಜಾ ಹೊರೈಜನ್ 5 ಮರುವರ್ಷ ಪಿಎಸ್5ಗೆ ಬಂದಾಗ ಎಕ್ಸ್‌ಬಾಕ್ಸ್ ಅಭಿಮಾನಿಗಳಲ್ಲಿ ಅನೇಕರು ನೊಂದುಕೊಂಡರು. ಅವರ ನೋವು ಅರ್ಥವಾಗುತ್ತದೆ, ಆದರೂ ಹೆಚ್ಚು ಜನ ಆ ಆಟವನ್ನು ಆಡುವಂತಾದದ್ದು ಒಳ್ಳೆಯದೇ ಎಂಬುದು ನನ್ನ ಅಭಿಪ್ರಾಯ.

ನಿಮ್ಮಲ್ಲಿ ಯಾರಾದರೂ ಕನ್ಸೋಲ್ ಕೊಳ್ಳಲಿದ್ದರೆ, ಬೇಕಾದ ಗೇಮ್‌ಗಳ ಹೆಸರು ಬರೆದುಕೊಂಡು, ಅವು ಈಗಾಗಲೇ ಇರುವ ಪಿಸಿಗೆ ಬಂದಿವೆಯೇ ಎಂದು ಮೊದಲು ನೋಡಲಿ. ಮಾರಿಯೋ ಅಥವಾ ಜೆಲ್ಡಾ ಬೇಕೇ ಬೇಕೆಂದರೆ ಸ್ವಿಚ್ ಹೊರತು ದಾರಿಯಿಲ್ಲ, ನಿಂಟೆಂಡೊ ತನ್ನ ಆ ದೊಡ್ಡ ಆಟಗಳನ್ನು ಪ್ಲೇಸ್ಟೇಷನ್‌ಗಾಗಲಿ ಎಕ್ಸ್‌ಬಾಕ್ಸ್‌ಗಾಗಲಿ ಕೊಡುವುದಿಲ್ಲ. ಸ್ವಿಚ್ ಅನ್ನು ದುಬೈಯಿಂದ ಬರುವ ನೆಂಟರ ಕೈಯಲ್ಲಿ ತರಿಸುವವರು, ಕೆಟ್ಟರೆ ಕಂಪನಿಯ ಅಧಿಕೃತ ರಿಪೇರಿ ಇಲ್ಲಿ ಸಿಗದು ಎಂಬುದನ್ನು ತಿಳಿದೇ ತರಿಸಲಿ.